ತಂಬೂರಿಯ ಷಡ್ಜ ಎಲ್ಲಿ ಹೋಯ್ತು?

ಇದು ಧಾರವಾಡದ ಮಾಳಮಡ್ಡಿ, ನಮ್ಮ ಹಳೇ ಮನೆಯ ಪಡಸಾಲೆ. ಉದ್ದ 15 ಅಡಿ, ಅಗಲ 12. ನೆಲಕ್ಕೆ ಶಹಾಬಾದ್ ಕಲ್ಲು, ಸುತ್ತ ಬರೀ ಗೋಡೆ. ಒಂದು ಚಪ್ಪಾಳೆ ಹೊಡೆಯುತ್ತೇನೆ, ಕೇಳಿ. ಸದ್ದಿನ ಬಾಲ ಉಳಿಯುತ್ತದೆ, ಅಲ್ವಾ? ಇಂಥ ಕೋಣೆಯಲ್ಲೇ ಇವತ್ತು ಎರಡು ಸ್ಪೀಕರ್ ಕೂರಿಸಬೇಕು. ಹೊಸ ಆಂಪ್ಲಿಫೈಯರ್ ಇಲ್ಲ, ದುಬಾರಿ ವೈರ್ ಇಲ್ಲ. ಅಳತೆ ಟೇಪು, ಕನ್ನಡಿ, ಒಂದು ಕೌದಿ. ಸಾಕು.

ಪರೀಕ್ಷೆಗೆ ಸಿನಿಮಾ ಹಾಡು ಬೇಡ, ತಂಬೂರಿ ಹಾಕುತ್ತೇನೆ. ಈ ಊರಿನಲ್ಲಿ ಬೆಳೆದವರ ಕಿವಿಗೆ ಅದರ ನಾದ ಗೊತ್ತೇ ಇರುತ್ತದೆ. ಏನಾದರೂ ಕಡಿಮೆಯಾದರೆ ತಕ್ಷಣ ಗೊತ್ತಾಗುತ್ತದೆ. ಇದು ಗಂಡಸರ ಶ್ರುತಿ, ಕರಿ ಒಂದು, ಅಂದರೆ ಹಾರ್ಮೋನಿಯಂನ ಮೊದಲ ಕಪ್ಪು ಮನೆ. ಷಡ್ಜ, ಅಂದರೆ 'ಸ', ಸುಮಾರು 139 ಹರ್ಟ್ಸ್ (ಸೆಕೆಂಡಿಗೆ ಅಷ್ಟು ಕಂಪನ), ಪಂಚಮದ ಅಂದರೆ 'ಪ' ತಂತಿ 104, ಖರಜ ಅಂದರೆ ಕೆಳಗಿನ 'ಸ' 69.

ಸ್ಪೀಕರ್ ಈಗ ಹಿಂದಿನ ಗೋಡೆಯಿಂದ 2 ಅಡಿ ಮುಂದಿದೆ. ಕೇಳಿ. ತಂಬೂರಿಯ ಝೇಂಕಾರ ಇದೆ, ಆದರೆ ಷಡ್ಜ ತೆಳ್ಳಗಾಗಿದೆ. ಯಾಕೆ? ತಗ್ಗಿನ ಸದ್ದು ಬರೀ ಮುಂದಕ್ಕೆ ಹೋಗುವುದಿಲ್ಲ, ಡಬ್ಬಿಯ ಸುತ್ತ ಎಲ್ಲ ಕಡೆ ಹರಡುತ್ತದೆ. ಷಡ್ಜದ ಅಲೆಯ ಉದ್ದ ಸುಮಾರು 8 ಅಡಿ. ಹಿಂದಿನ ಗೋಡೆಗೆ 2 ಅಡಿ ಹೋಗಿ 2 ಅಡಿ ವಾಪಸ್ ಬಂದರೆ ಒಟ್ಟು 4 ಅಡಿ, ಅಂದರೆ ಸರಿಯಾಗಿ ಅರ್ಧ ಅಲೆ. ನೇರ ಬರುವ ಸದ್ದು ಏರುವಾಗ ಗೋಡೆಯಿಂದ ಬಂದದ್ದು ಇಳಿಯುತ್ತಿರುತ್ತದೆ. ಒಂದು ಇನ್ನೊಂದನ್ನು ತಿಂದುಹಾಕುತ್ತದೆ. ಸ್ಪೀಕರ್ ಎಷ್ಟೇ ಒಳ್ಳೇದಿರಲಿ, ಇದು ತಪ್ಪುವುದಿಲ್ಲ.

ಹಾಗಂತ ಗೋಡೆಗೆ ಆನಿಸಿದರೆ ಬೇಸ್, ಅಂದರೆ ತಗ್ಗಿನ ಸದ್ದು, ಉಬ್ಬುತ್ತದೆ. ಮೂಲೆಗೆ ತಳ್ಳಿದರಂತೂ ತಬಲಾದ ಡಗ್ಗಾ ಬರೀ ಗುಂಯ್ ಅನ್ನುತ್ತದೆ, ಬೆರಳಿನ ಕೆಲಸ ಕೇಳುವುದೇ ಇಲ್ಲ. ಅದಕ್ಕೆ ಒಂದು ಮೀಟರ್ ಮುಂದೆ ತರುತ್ತೇನೆ. ಅಳೆಯುವುದು ವೂಫರ್ (ಬೇಸ್ ಹೊರಡಿಸುವ ದೊಡ್ಡ ಕೋನ್) ಇರುವ ಮುಖದಿಂದ, ಡಬ್ಬಿಯ ಬೆನ್ನಿನಿಂದಲ್ಲ. ಈಗ ಗೋಡೆ ಸದ್ದನ್ನು ತಿಂದುಹಾಕುವ ಜಾಗ ಸುಮಾರು 86 ಹರ್ಟ್ಸ್‌ಗೆ ಇಳಿಯಿತು. ಖರಜಕ್ಕೂ ಪಂಚಮಕ್ಕೂ ನಡುವೆ, ಯಾವ ತಂತಿಯ ಮೇಲೂ ನೇರವಾಗಿ ಬೀಳದ ಜಾಗ. ಕೇಳಿ ನೋಡಿ. ಷಡ್ಜ ಬಂತು.

ಅಷ್ಟರಲ್ಲಿ ಅವ್ವ ಬಂದಳು. "ಇದೇನಪಾ, ನಡು ಪಡಸಾಲ್ಯಾಗ ತಂದು ನಿಲ್ಲಿಸೀದಿ? ಮಂದಿ ಹೆಂಗ ಅಡ್ಡಾಡಬೇಕು?" ಅವಳ ಮಾತೂ ನ್ಯಾಯವೇ. ಕೇಳುವಾಗ ಮುಂದೆ, ಕೇಳಿದ ಮೇಲೆ ಹಿಂದೆ ಅಂತ ಒಪ್ಪಂದ ಆಯಿತು.

ಇನ್ನು ಕೂರುವ ಜಾಗ. ಎರಡು ಸ್ಪೀಕರ್ ನಡುವೆ 6 ಅಡಿ, ಒಂದೊಂದರಿಂದಲೂ ನನ್ನ ತಲೆಗೆ ಅಷ್ಟೇ ಅಥವಾ ಸ್ವಲ್ಪ ಜಾಸ್ತಿ. ಟ್ವೀಟರ್ (ತೀಕ್ಷ್ಣ ಸದ್ದಿನ ಚಿಕ್ಕ ಸ್ಪೀಕರ್) ಕಿವಿಯ ಎತ್ತರಕ್ಕೆ ಬರಬೇಕು. ಸೋಫಾವನ್ನು ಗೋಡೆಗೆ ತಾಗಿಸಿ, ತಲೆ ಆನಿಸಿ ಕೂತರೆ ಬೇಸ್ ಉಬ್ಬಿ ಬರುತ್ತದೆ. ಕೋಣೆಯ ಉದ್ದದ ನಟ್ಟನಡುವೆ ಕೂತರೆ 37-38 ಹರ್ಟ್ಸ್ ಸುತ್ತಲಿನ ಸದ್ದು ಸೊರಗುತ್ತದೆ. ತಂಬೂರಿ ಅಷ್ಟು ಕೆಳಗೆ ಹೋಗುವುದಿಲ್ಲ ಬಿಡಿ, ಈಗಿನ ಸಿನಿಮಾ ಬೇಸ್ ಹೋಗುತ್ತದೆ. ಕುರ್ಚಿ ನಡುವಿಗಿಂತ ಒಂದೂವರೆ ಅಡಿ ಹಿಂದಿಟ್ಟರೆ ಎರಡೂ ಕಾಟ ಇಲ್ಲ.

ಕನ್ನಡಿ ಯಾಕೆ ಅಂದರೆ, ನಾನು ಕುರ್ಚಿಯಲ್ಲಿ ಕೂರುತ್ತೇನೆ, ತಮ್ಮ ಪಕ್ಕದ ಗೋಡೆಯ ಮೇಲೆ ಕನ್ನಡಿ ಸರಿಸುತ್ತಾ ಹೋಗುತ್ತಾನೆ. ಎಲ್ಲಿ ಸ್ಪೀಕರ್ ಕಾಣುತ್ತದೋ ಅಲ್ಲಿಂದಲೇ ಮೊದಲ ಪ್ರತಿಧ್ವನಿ ಕಿವಿಗೆ ಬರುವುದು. ಆ ಜಾಗಕ್ಕೆ ಕೌದಿ. ಹಳೇ ಸೀರೆಗಳ ಐದಾರು ಪದರ, ಒತ್ತೊತ್ತಾಗಿ ಹಾಕಿದ ಹೊಲಿಗೆ. ಗೋಡೆಗೆ ಅಂಟಿಸದೆ ಮೂರು ಇಂಚು ಬಿಟ್ಟು ತೂಗು ಹಾಕಿದರೆ ಇನ್ನೂ ಚೆನ್ನಾಗಿ ಸದ್ದು ಹೀರುತ್ತದೆ. ನೆಲಕ್ಕೆ ನವಲಗುಂದದ ಜಮಖಾನ. ಆದರೆ ಇವೆರಡೂ ತೀಕ್ಷ್ಣ ಸದ್ದಿಗೆ ಮಾತ್ರ ಮದ್ದು. ಬೇಸ್‌ಗೆ ಬಟ್ಟೆಯ ಲೆಕ್ಕವೇ ಇಲ್ಲ, ಅದಕ್ಕೆ ಜಾಗ ಬದಲಿಸುವುದೇ ದಾರಿ.

ಕೊನೆಯದು ಮಲ್ಲಿಕಾರ್ಜುನ ಮನ್ಸೂರರ ಹಳೇ 78 ಆರ್‌ಪಿಎಂ ಗ್ರಾಮಫೋನ್ ಮುದ್ರಣ. ಅದು ಮೊನೊ, ಎರಡೂ ಸ್ಪೀಕರ್‌ಗೆ ಒಂದೇ ಸದ್ದು. ಹಾಗಾಗಿ ಧ್ವನಿ ಎರಡರ ನಡುವೆ, ಒಂದೇ ಕಡೆ ನಿಲ್ಲಬೇಕು. ಎಡಕ್ಕೆ ವಾಲಿದರೆ ಎಡ ಸ್ಪೀಕರ್ ಹತ್ತಿರ ಇದೆ ಅಂತ, ಟೇಪು ಹಿಡಿದು ಇಂಚು ಸರಿ ಮಾಡಿ. ಎಲ್ಲೂ ನಿಲ್ಲದೆ ತಲೆಯ ಸುತ್ತ ತೇಲಿದರೆ ಒಂದು ಕಡೆ ಕೆಂಪು-ಕಪ್ಪು ವೈರ್ ಅದಲು ಬದಲಾಗಿದೆ. ಸ್ಪೀಕರ್‌ಗಳ ಮುಖವನ್ನು ಮೊದಲು ನಿಮ್ಮ ಭುಜದ ಹೊರಗೆ ತಿರುಗಿಸಿ. ಧ್ವನಿ ಮಬ್ಬು ಅನಿಸಿದರೆ ಒಳಗೆ, ಕಿವಿಗೆ ಚುಚ್ಚಿದರೆ ಹೊರಗೆ.

ಜಾಗ ಸಿಕ್ಕ ಮೇಲೆ ಕಲ್ಲಿನ ಮೇಲೆ ಬಣ್ಣದ ಟೇಪು ಅಂಟಿಸಿ. ದೀಪಾವಳಿಗೆ ಮನೆ ತೊಳೆಯುವಾಗ ಸ್ಪೀಕರ್ ಸರಿಯದೇ ಇರುವುದಿಲ್ಲ. ವೈರ್ ಕೊಳ್ಳುವಾಗ ಎರಡೂ ಬದಿಗೆ ಒಂದು ಮೀಟರ್ ಜಾಸ್ತಿಯೇ ತಗೊಳ್ಳಿ.