ಎಲ್ಲಾ ಮರೆತ ರಾತ್ರಿ

ನಮಸ್ಕಾರ. ಜಾಝ್ ಕೇಳುವ ಇಬ್ಬರು ಒಂದೆಡೆ ಕೂತರೆ ಹೆಚ್ಚು ಹೊತ್ತಾಗುವ ಮೊದಲೇ ಒಂದು ಜಗಳ ಏಳುತ್ತದೆ: ಅಮೆರಿಕದ ಗಾಯಕಿಯರಲ್ಲಿ ಎಲ್ಲಾ ಫಿಟ್ಜ್‌ಜೆರಾಲ್ಡ್ ದೊಡ್ಡವರೋ, ಬಿಲ್ಲಿ ಹಾಲಿಡೇ ದೊಡ್ಡವರೋ? ಎಲ್ಲಾ ಅವರ ಪಕ್ಷದವರು ಶ್ರುತಿಶುದ್ಧಿಯನ್ನೂ ಕಂಠದ ಹರವನ್ನೂ ಮುಂದಿಡುತ್ತಾರೆ. ಬಿಲ್ಲಿ ಪಕ್ಷದವರು, ಅಷ್ಟೇನೂ ಹರವಿಲ್ಲದ ಕಂಠದಲ್ಲಿ, ತಾಳಕ್ಕಿಂತ ತುಸು ಹಿಂದೆ ಉಳಿದು ಆಕೆ ಒಂದೊಂದು ಪದಕ್ಕೂ ತುಂಬುವ ಭಾವವನ್ನು ನೆನೆಯುತ್ತಾರೆ. ಸ್ಟುಡಿಯೋ ಮುದ್ರಿಕೆಗಳಿಂದ ಈ ವ್ಯಾಜ್ಯ ತೀರುವುದಿಲ್ಲ. ಇನ್ನೊಮ್ಮೆ ಹಾಡಿ ಸರಿಪಡಿಸುವ ಅವಕಾಶವಿಲ್ಲದ ಹೊತ್ತಿನಲ್ಲಿ ಇಬ್ಬರೂ ಏನು ಮಾಡಿದರೆಂಬುದನ್ನು ಕೇಳಬೇಕು.

(ತೆರೆಯ ಮೇಲೆ: ಬರ್ಲಿನ್, 13 ಫೆಬ್ರವರಿ 1960)

ಡಾಯ್ಚ್‌ಲಾಂಡ್‌ಹಾಲೆ ಸಭಾಂಗಣ. ಎಲ್ಲಾ ಅವರು ಎತ್ತಿಕೊಂಡದ್ದು 'ಮ್ಯಾಕ್ ದ ನೈಫ್'. ಜರ್ಮನ್ ನಾಟಕಕಾರ ಬ್ರೆಕ್ಟ್ ಬರೆದು ಕರ್ಟ್ ವೈಲ್ ರಾಗ ಹಾಕಿದ, 1928ರಲ್ಲಿ ಅದೇ ಊರಿನ ರಂಗದ ಮೇಲೆ ಮೊದಲು ಕೇಳಿಬಂದ ಕೊಲೆಗಡುಕನ ಹಾಡು. ನಡುವೆ ಸಾಲು ಮರೆತುಹೋಯಿತು. ಆಕೆ ನಿಲ್ಲಿಸಲಿಲ್ಲ. ಮುಂದಿನ ಚರಣ ಯಾವುದೆಂದು ಅದೇ ಧಾಟಿಯಲ್ಲಿ ಕೇಳಿಕೊಂಡರು. ಗಾಯಕರಾದ ಬಾಬಿ ಡ್ಯಾರಿನ್ ಮತ್ತು ಲೂಯಿ ಆರ್ಮ್‌ಸ್ಟ್ರಾಂಗ್ ಧ್ವನಿಮುದ್ರಿಸಿದ ಹಾಡನ್ನು ತಾವೀಗ ಹಾಳುಮಾಡುತ್ತಿರುವುದಾಗಿ ಹಾಡುತ್ತಲೇ ಒಪ್ಪಿಕೊಂಡರು. ಬಳಿಕ ಆರ್ಮ್‌ಸ್ಟ್ರಾಂಗರ ಗೊಗ್ಗರು ದನಿಯನ್ನೇ ಅನುಕರಿಸಿ, ಅರ್ಥದ ಹಂಗಿಲ್ಲದ ಅಕ್ಷರಗಳ ಸ್ಕ್ಯಾಟ್‌ಗೆ ಜಾರಿದರು. ನಮ್ಮ ಕಛೇರಿಯ ಕಲ್ಪನಾಸ್ವರ ಇದಕ್ಕೆ ಹತ್ತಿರದ್ದು, ಆದರೆ ಇಲ್ಲಿ ಸರಿಗಮದ ಕಟ್ಟೂ ಇಲ್ಲ. ಈ ಎಡವಟ್ಟನ್ನು ಕತ್ತರಿಸದೆ ಮುದ್ರಿಕೆಯಾಗಿ ಹೊರತಂದರು; ಅದರಿಂದ ಎರಡು ಗ್ರ್ಯಾಮಿ ಪ್ರಶಸ್ತಿ ಬಂದವು.

(ತೆರೆಯ ಮೇಲೆ: ನ್ಯೂಯಾರ್ಕ್, 8 ಡಿಸೆಂಬರ್ 1957)

ಸಿಬಿಎಸ್ ಟಿವಿ ವಾಹಿನಿಯ ನೇರಪ್ರಸಾರದಲ್ಲಿ ಬಿಲ್ಲಿ ತಾವೇ ರಚಿಸಿದ 'ಫೈನ್ ಆ್ಯಂಡ್ ಮೆಲೋ' ಹಾಡಿದರು. ಸುತ್ತ ಬೆನ್ ವೆಬ್‌ಸ್ಟರ್, ಕೋಲ್‌ಮನ್ ಹಾಕಿನ್ಸ್‌ರಂಥ ಸ್ಯಾಕ್ಸೊಫೋನ್ ಘಟಾನುಘಟಿಗಳು. ಆದರೆ ನೋಡಬೇಕಾದದ್ದು ಆಕೆಗೆ 'ಲೇಡಿ ಡೇ' ಎಂದು ಹೆಸರಿಟ್ಟ ಸ್ಯಾಕ್ಸೊಫೋನ್ ವಾದಕ ಲೆಸ್ಟರ್ ಯಂಗ್ ಎದ್ದುನಿಂತು ನುಡಿಸುವ ಒಂದೇ ಒಂದು ಆವರ್ತವನ್ನು. ಆರೋಗ್ಯ ಕೆಟ್ಟಿದ್ದ ಆತ ಸ್ವರಗಳನ್ನು ಜಿಪುಣನಂತೆ ಎಣಿಸಿಕೊಡುತ್ತಾರೆ. ಕ್ಯಾಮೆರಾ ಬಿಲ್ಲಿಯತ್ತ ಹೊರಳಿದಾಗ, ಆಕೆ ಕತ್ತು ತುಸು ವಾಲಿಸಿ, ಅರೆನಗೆಯಲ್ಲಿ, ಪ್ರತಿ ಸ್ವರಕ್ಕೂ ಹೌದೆಂಬಂತೆ ತಲೆದೂಗುತ್ತಿರುತ್ತಾರೆ. ಕೆಲವೇ ದಿನ ಮೊದಲು ಇದೇ ಹಾಡನ್ನು ಮುದ್ರಿಕೆಗಾಗಿಯೂ ಹಾಡಿದ್ದರು. ಅಭಿಮಾನಿಗಳು ಮತ್ತೆ ಮತ್ತೆ ಮಾತಾಡುವುದು ಮಾತ್ರ ಈ ಪ್ರಸಾರದ ಬಗ್ಗೆ. 1959ರಲ್ಲಿ ನಾಲ್ಕು ತಿಂಗಳ ಅಂತರದಲ್ಲಿ ಲೆಸ್ಟರ್, ಬಿಲ್ಲಿ ಇಬ್ಬರೂ ತೀರಿಕೊಂಡರು.

ನನ್ನ ಮತ ಬಿಲ್ಲಿಗೆ, ಅದೂ ಆಕೆ ಹಾಡದೆ ಸುಮ್ಮನೆ ಕೇಳುತ್ತಿರುವ ಆ ಅರ್ಧ ನಿಮಿಷಕ್ಕೆ.