ಸ್ಪೆಲ್ಲಿಂಗ್ ಅಂದ್ರೆ ಮಾಟವಾ ಸರ್?

ಕೇಳುಗರಿಗೆ ನಮಸ್ಕಾರ.

ಹೋದ ಮಳೆಗಾಲದ ಮಾತು. ನಾನು ತೀರ್ಥಹಳ್ಳಿ ಕಡೆಯ ಒಂದು ಹೈಸ್ಕೂಲಿನಲ್ಲಿ ಇಂಗ್ಲಿಷ್ ಪಾಠ ಮಾಡುತ್ತೇನೆ. ಎಂಟನೇ ಕ್ಲಾಸಿನ ಹುಡುಗಿಯೊಬ್ಬಳು ಡಿಕ್ಷನರಿ ಹಿಡಿದುಕೊಂಡು ಸ್ಟಾಫ್ ರೂಮಿನ ಬಾಗಿಲಿಗೆ ಬಂದು ನಿಂತಳು. "ಸರ್, ಸ್ಪೆಲ್ ಅಂದ್ರೆ ಮಾಟ, ಮಂತ್ರ ಅಂತ ಇದೆ. ಹಂಗಾದ್ರೆ ಸ್ಪೆಲ್ಲಿಂಗ್ ಮಿಸ್ಟೇಕ್ ಅಂದ್ರೆ ಮಾಟ ತಪ್ಪಿದ್ದು ಅಂತಲಾ?"

ಗಣಿತದ ಮೇಷ್ಟ್ರು ಜೋರಾಗಿ ನಕ್ಕುಬಿಟ್ಟರು. ನನಗೆ ನಗು ಬರಲಿಲ್ಲ. ಹುಡುಗಿ ಹೇಳಿದ್ದು ಮುಕ್ಕಾಲು ಪಾಲು ಸರಿಯಾಗಿತ್ತು.

ಹಳೆಯ ಇಂಗ್ಲಿಷಿನಲ್ಲಿ ಸ್ಪೆಲ್ ಅಂದರೆ ಬರೀ ಮಾತು, ಕಥೆ, ಅಷ್ಟೇ. ಆಮೇಲೆ ಅದು ಶಕ್ತಿ ಇರುವ ಮಾತಾಯಿತು, ಹಾಗೇ ಮಂತ್ರವೂ ಆಯಿತು. ಅಕ್ಷರ ಕೂಡಿಸುವ ಸ್ಪೆಲ್ಲಿಂಗ್ ಫ್ರೆಂಚ್ ಭಾಷೆ ಸುತ್ತಿಕೊಂಡು ಬಂದ ಪದ, ಆದರೆ ಮನೆತನ ಅದೇ. ಇನ್ನೊಂದು ಇದೆ, ಅದು ಇನ್ನೂ ಮಜಾ. ಗ್ಲಾಮರ್ ಅಂತೀವಲ್ಲ, ಸಿನಿಮಾ ನಟಿಯರಿಗೆ ಅಂಟಿಸುವ ಪದ, ಅದು ನಮ್ಮ ಮಕ್ಕಳು ಹೆದರಿ ಓಡುವ ಗ್ರಾಮರ್ ಅನ್ನೋ ಪದವೇ! ಗ್ರಾಮರ್ ಅಂದರೆ ಒಂದು ಕಾಲಕ್ಕೆ ಪುಸ್ತಕದ ವಿದ್ಯೆ ಎಲ್ಲಾ ಸೇರಿತ್ತು, ಅದರಲ್ಲಿ ಮಾಟ ಮಂತ್ರದ ವಿದ್ಯೆಯೂ ಇತ್ತು. 18ನೇ ಶತಮಾನದ ಹೊತ್ತಿಗೆ ಸ್ಕಾಟ್ಲೆಂಡಿನ ಜನರ ಬಾಯಲ್ಲಿ ಆ ಪದ ತಿರುಚಿಕೊಂಡು ಗ್ಲಾಮರ್ ಆಯಿತು. ಅರ್ಥ? ಕಣ್ಕಟ್ಟು.

ಓದು ಬಾರದವರಿಗೆ ಓದು ಬಂದವರು ಮಾಟಗಾರರ ಥರ ಕಾಣುತ್ತಿದ್ದರು, ಅದಕ್ಕೆ ಹೀಗೆ. ಇದನ್ನು ತಿಳಿಯೋಕೆ ಸ್ಕಾಟ್ಲೆಂಡಿಗೆ ಹೋಗಬೇಕಿಲ್ಲ. ನಮ್ಮಜ್ಜಿಗೆ ಓದು ಬರುತ್ತಿರಲಿಲ್ಲ. ಮನೆಗೆ ಟೆಲಿಗ್ರಾಂ ಬಂತು ಅಂದರೆ, ಒಳಗೆ ಏನಿದೆ ಅಂತ ಯಾರೂ ಓದಿ ಹೇಳುವ ಮೊದಲೇ, ಸೆರಗು ಬಾಯಿಗೆ ಒತ್ತಿಕೊಂಡು ಅಳೋಕೆ ಶುರು ಮಾಡುತ್ತಿದ್ದಳು. ಒಂದು ಸಲ ಅದರಲ್ಲಿ ಇದ್ದದ್ದು ಚಿಕ್ಕಪ್ಪನಿಗೆ ಕೆಲಸ ಸಿಕ್ಕಿದ ಸುದ್ದಿ. ಅಳು ನಿಲ್ಲೋಕೆ ಅರ್ಧ ಗಂಟೆ ಬೇಕಾಯಿತು!

ಅವತ್ತಿಂದ ನಾನು ಪದಗಳ ಅರ್ಥ ಬರೆಸುವುದನ್ನು ಬಿಟ್ಟು ಪದಗಳ ಕಥೆ ಹೇಳೋಕೆ ಕೂತೆ. ಮೊದಲು ಬೋರ್ಡಿನ ಮೇಲೆ ಅಬ್ರಕಡಬ್ರ ಅಂತ ಬರೆದೆ. ಜಾದೂಗಾರ ಟೋಪಿಯಿಂದ ಮೊಲ ತೆಗೆಯುವಾಗ ಹೇಳುವ ಪದ ಅಂತ ಎಲ್ಲರಿಗೂ ಗೊತ್ತಿತ್ತು. ಆದರೆ ಅದು ಮೊದಲು ಕಾಣಿಸಿಕೊಳ್ಳುವುದು ಔಷಧಿಯಾಗಿ. ಪ್ರಾಚೀನ ರೋಮಿನ ಸೆರೆನಸ್ ಸಮ್ಮೋನಿಕಸ್ ಅನ್ನುವವನು ಲ್ಯಾಟಿನ್ ಪದ್ಯದಲ್ಲಿ ಒಂದು ವೈದ್ಯದ ಪುಸ್ತಕ ಬರೆದ. ಬಿಟ್ಟು ಬಿಟ್ಟು ಬರುವ ಜ್ವರಕ್ಕೆ ಅವನು ಹೇಳುವ ಮದ್ದು ಇದು: ಪದವನ್ನು ಚೀಟಿಯ ಮೇಲೆ ಬರೆಯಿರಿ, ಕೆಳಗಿನ ಸಾಲಿನಲ್ಲಿ ಒಂದು ಅಕ್ಷರ ಬಿಟ್ಟು ಬರೆಯಿರಿ, ಅದರ ಕೆಳಗೆ ಇನ್ನೊಂದು ಬಿಡಿ. ಕೊನೆಗೆ ಒಂದೇ ಅಕ್ಷರ ಉಳಿಯುತ್ತದೆ. ಅದನ್ನು ಕೊರಳಿಗೆ ಕಟ್ಟಿಕೊಳ್ಳಿ, ಅಕ್ಷರ ಕರಗಿದ ಹಾಗೆ ಜ್ವರವೂ ಕರಗುತ್ತದೆ. ನಮ್ಮ ತಾಯತವೇ ಅಲ್ವಾ? ಇಂಗ್ಲಿಷಿನಲ್ಲಿ ಅದಕ್ಕೆ 11 ಅಕ್ಷರ, ಹಾಗಾಗಿ 11 ಸಾಲು. ಕನ್ನಡದಲ್ಲಿ ಬರೆದರೆ ಐದೇ ಅಕ್ಷರ. "ನಮಗೆ ಜ್ವರ ಬೇಗ ಬಿಡ್ತದೆ ಸರ್" ಅಂತ ಹಿಂದಿನ ಬೆಂಚಿನಿಂದ ಕೂಗು ಬಂತು.

ಮಲೆನಾಡಿನವರಿಗೆ ಚಳಿಜ್ವರದ ಕಥೆ ಹೊಸದಲ್ಲ. ಊರಿಗೆ ಊರೇ ಮಲೇರಿಯಾಕ್ಕೆ ಖಾಲಿಯಾದ ಮಾತನ್ನು ಹಿರಿಯರ ಬಾಯಲ್ಲಿ ಕೇಳಿದ್ದೇವೆ. ಆ ಮಲೇರಿಯಾ ಅನ್ನೋ ಪದದಲ್ಲೂ ಒಂದು ತಪ್ಪು ಊಹೆ ಕೂತಿದೆ. ಇಟಾಲಿಯನ್ನಿನಲ್ಲಿ ಅದು ಕೆಟ್ಟ ಗಾಳಿ ಅಂತ. ಜೌಗು ನೆಲದ ಗಾಳಿ ಕುಡಿದರೆ ಜ್ವರ ಅಂತ ನಂಬಿದ್ದರು. ಊಹೆ ಪೂರ್ತಿ ದಡ್ಡತನದ್ದೇನಲ್ಲ, ಜೌಗು ಇದ್ದಲ್ಲಿ ಜ್ವರ ಇತ್ತು, ಅದು ನಿಜ. ಮಧ್ಯೆ ಹಾರಾಡುತ್ತಿದ್ದ ಸೊಳ್ಳೆಯನ್ನು ಯಾರೂ ಲೆಕ್ಕಕ್ಕೆ ತಗೊಂಡಿರಲಿಲ್ಲ. 1897ರಲ್ಲಿ ರೊನಾಲ್ಡ್ ರಾಸ್ ಅನ್ನೋ ಬ್ರಿಟಿಷ್ ವೈದ್ಯ ಸಿಕಂದರಾಬಾದಿನಲ್ಲಿ ಸೊಳ್ಳೆಯ ಹೊಟ್ಟೆಯಲ್ಲಿ ಆ ರೋಗಾಣುವನ್ನು ಕಂಡ. ಕಾರಣ ಬದಲಾಯಿತು, ಹೆಸರು ಹಾಗೇ ಉಳಿಯಿತು.

ಇನ್ನು ಕ್ಲೂ. ಪತ್ತೇದಾರಿ ಕಥೆ ಓದುವವರಿಗೆಲ್ಲ ಗೊತ್ತಿರುವ ಪದ, ನಾವು ಸುಳಿವು ಅಂತೀವಿ. ಅದರ ಹಳೆಯ ಅರ್ಥ ನೂಲಿನ ಉಂಡೆ. ಗ್ರೀಕರ ಕಥೆಯಲ್ಲಿ ಥೀಸಿಯಸ್ ಅನ್ನೋ ವೀರ ಅರ್ಧ ಹೋರಿ ಅರ್ಧ ಮನುಷ್ಯನಾದ ರಾಕ್ಷಸನನ್ನು ಕೊಲ್ಲೋಕೆ ಸುತ್ತುಬಳಸಿನ ಕೋಟೆಯೊಳಗೆ ಹೋಗುತ್ತಾನೆ. ಅರಿಯಾಡ್ನೆ ಕೊಟ್ಟ ನೂಲನ್ನು ಬಿಚ್ಚುತ್ತಾ ಹೋಗಿ, ಅದೇ ನೂಲು ಹಿಡಿದು ಹೊರಗೆ ಬರುತ್ತಾನೆ. ಪಾಪ, ನಮ್ಮ ಅಭಿಮನ್ಯುವಿಗೆ ಒಂದು ಉಂಡೆ ದಾರ ಕೊಡುವವರು ಇರಲಿಲ್ಲ.

ಇನ್‌ಫರೆನ್ಸ್ ಅನ್ನೋ ಪದಕ್ಕೆ ಬಂದಾಗ ನಾನೇ ತಡವರಿಸಿದೆ. ಶಾಸ್ತ್ರದ ಕನ್ನಡದಲ್ಲಿ ಅದು ಅನುಮಾನ. ಆದರೆ ನಮ್ಮ ಮನೆಗಳಲ್ಲಿ ಅನುಮಾನ ಅಂದರೆ ಸಂಶಯ, ಗಂಡ ಹೆಂಡತಿ ಜಗಳದ ಮೂಲ! ನ್ಯಾಯಶಾಸ್ತ್ರದವರು, ಅಂದರೆ ಕೋರ್ಟಿನವರಲ್ಲ, ನಮ್ಮ ಹಳೆಯ ತರ್ಕಶಾಸ್ತ್ರದವರು, ಅನುಮಾನಕ್ಕೆ ಕೊಡುವ ಉದಾಹರಣೆ ಒಂದೇ: ಬೆಟ್ಟದ ಮೇಲೆ ಹೊಗೆ ಕಾಣುತ್ತಿದೆ, ಹೊಗೆ ಇದ್ದಲ್ಲಿ ಬೆಂಕಿ ಇರುತ್ತದೆ, ಅಡುಗೆಮನೆಯಲ್ಲಿ ನೋಡಿಲ್ಲವೇ, ಹಾಗಾಗಿ ಬೆಟ್ಟದ ಮೇಲೆ ಬೆಂಕಿ ಇದೆ. ಬಯಲುಸೀಮೆಯಲ್ಲಿ ಇದು ಸುಲಭ. ಆಗುಂಬೆಯಲ್ಲಿ ನಿಂತು ಬೆಟ್ಟ ನೋಡಿ ಹೇಳಿ ನೋಡೋಣ, ಅದು ಹೊಗೆಯೋ ಮಂಜೋ? ಕೊನೆ ಕೊಯ್ಲಿನ ಕಾಲದಲ್ಲಾದರೆ ಅಡಿಕೆ ಬೇಯಿಸುವ ಹಂಡೆಯ ಒಲೆಯ ಹೊಗೆಯೂ ಅದರ ಜೊತೆ ಸೇರಿಕೊಂಡಿರುತ್ತದೆ. ಇಂಡಕ್ಷನ್, ಅಂದರೆ ಸ್ವಲ್ಪ ನೋಡಿ ಎಲ್ಲಕ್ಕೂ ಹೇಳುವುದು, ಅದಕ್ಕೆ ಮಾತ್ರ ಕಷ್ಟ ಆಗಲಿಲ್ಲ. ಒಂದು ಅಗುಳು ಹಿಚುಕಿ ನೋಡಿ ಇಡೀ ಪಾತ್ರೆಯ ಅನ್ನ ಬೆಂದಿದೆ ಅನ್ನುತ್ತಾರಲ್ಲ ನಿಮ್ಮಮ್ಮ, ಅದೇ ಇಂಡಕ್ಷನ್ ಅಂದೆ.

ಗೊತ್ತಿರುವ ನಿಯಮದಿಂದ ತೀರ್ಮಾನಕ್ಕೆ ಬರುವ ಡಿಡಕ್ಷನ್ ಹೇಳಿಕೊಡೋಕೆ ನಮ್ಮ ಜಿಲ್ಲೆಯದ್ದೇ ಒಂದು ಮಿಸ್ಟರಿ ತಗೊಂಡೆ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತು ಬೀಳತೊಡಗಿದವು. ಕಾಡಿಗೆ ಹೋಗಿ ಬಂದವರಿಗೆ ಜೋರು ಜ್ವರ. ನಾವು ಈಗ ಮಂಗನ ಕಾಯಿಲೆ ಅನ್ನೋದು ಇದನ್ನೇ. ಪುಣೆಯ ವೈರಸ್ ಸಂಶೋಧನಾ ಕೇಂದ್ರದವರು ಬಂದರು. ಮೊದಲು ಅವರ ತಲೆಗೆ ಬಂದದ್ದು ಹಳದಿ ಜ್ವರ. ದಕ್ಷಿಣ ಅಮೆರಿಕಾದ ಕಾಡುಗಳಲ್ಲಿ ಹಳದಿ ಜ್ವರ ಬಂದಾಗ ಮಂಗಗಳು ಹೀಗೇ ಸಾಯುತ್ತವೆ. ನಮ್ಮ ದೇಶದಲ್ಲಿ ಆ ಜ್ವರ ಇಲ್ಲವೇ ಇಲ್ಲ, ಬಂದಿದ್ದರೆ ಗತಿ ಏನು ಅಂತ ಗಾಬರಿ. ಇಷ್ಟು ಹೇಳಿ ನಾನು ಕ್ಲಾಸಿಗೆ ಕೇಳಿದೆ: ಹಳದಿ ಜ್ವರ ಹರಡುವುದು ಸೊಳ್ಳೆಯಿಂದ, ನಮ್ಮ ಮಂಗನ ಕಾಯಿಲೆ ಯಾವಾಗ ಜಾಸ್ತಿ? ಬೇಸಿಗೆ ಕಡೆ, ಮಳೆ ಹಿಡಿದ ಮೇಲೆ ಇಳಿಯುತ್ತದೆ ಅಂದರು. ಅದು ಅವರಿಗೆ ಪುಸ್ತಕ ಓದಿ ಗೊತ್ತಾದದ್ದಲ್ಲ. ಆಗ ಅದೇ ಹುಡುಗಿ ಎದ್ದು ನಿಂತಳು. "ಸೊಳ್ಳೆ ಆಗಿದ್ರೆ ಮಳೆಗಾಲದಲ್ಲಿ ಜಾಸ್ತಿ ಆಗ್ಬೇಕಿತ್ತು. ಆಗಲ್ಲ. ಹಂಗಾಗಿ ಸೊಳ್ಳೆ ಅಲ್ಲ." ಇದೇ ಡಿಡಕ್ಷನ್ ಅಂದೆ. ವಿಜ್ಞಾನಿಗಳು ಹಿಡಿದದ್ದು ಉಣುಗನ್ನು. ಅದರಲ್ಲೂ ಸತ್ತ ಮಂಗದಲ್ಲೂ ಒಂದೇ ಹೊಸ ವೈರಸ್ ಸಿಕ್ಕಿತು. ಆ ವೈರಸ್ಸಿನ ನೆಂಟರು ಇರುವುದು ಎಲ್ಲೋ ರಷ್ಯಾದ ಕಾಡಿನಲ್ಲಿ ಅಂತ ಗೊತ್ತಾದಾಗ ಮಿಸ್ಟರಿ ಇನ್ನಷ್ಟು ಬೆಳೆಯಿತು, ಅದು ಬೇರೆ ಮಾತು.

ದಾರಿ ತಪ್ಪಿಸುವ ಸುಳಿವಿಗೆ ಇಂಗ್ಲಿಷಿನಲ್ಲಿ ರೆಡ್ ಹೆರಿಂಗ್ ಅಂತಾರೆ, ಹೊಗೆ ಕೊಟ್ಟು ಕೆಂಪಾದ ಒಣಮೀನು. ಮೊಲದ ಜಾಡು ಹಿಡಿದ ನಾಯಿಗಳನ್ನು ಅದರ ವಾಸನೆಯಿಂದ ಬೇರೆ ಕಡೆ ಎಳೆದ ಕಥೆಯನ್ನು 1807ರಲ್ಲಿ ವಿಲಿಯಂ ಕಾಬೆಟ್ ಅನ್ನೋ ಪತ್ರಕರ್ತ ಬರೆದ. ಸಂತೆಯಲ್ಲಿ ಒಣಮೀನಿನ ಸಾಲು ದಾಟಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಅಲಿಬೈ ಅನ್ನೋ ಪದ ಮಾತ್ರ ಬಾಕಿ ಇತ್ತು. ಲ್ಯಾಟಿನ್ನಿನಲ್ಲಿ 'ಬೇರೆ ಕಡೆ' ಅಂತ. ಕಳವು ಆದಾಗ ನಾನು ಇಲ್ಲಿ ಇರಲಿಲ್ಲ, ಬೇರೆ ಕಡೆ ಇದ್ದೆ ಅನ್ನೋ ಸಾಕ್ಷಿ. ಅದನ್ನು ಕಲಿಸಿದ ಮರುದಿನ ನಾನು ಇಪ್ಪತ್ತು ನಿಮಿಷ ತಡವಾಗಿ ಹೋದೆ. ಗೇಟಿನ ಹತ್ತಿರ ಹೆಡ್‌ಮೇಷ್ಟ್ರು ನಿಂತಿದ್ದರು. "ಬಸ್ಸು ಲೇಟು ಸರ್" ಅಂದೆ. ಪಕ್ಕದಲ್ಲೇ ಇದ್ದ ಹುಡುಗಿ ನನ್ನ ಕಾಲನ್ನೇ ನೋಡುತ್ತಿದ್ದಳು. ಪ್ಯಾಂಟಿನ ಅಂಚಿನಲ್ಲಿ ಇಂಬಳ, ಅಂದರೆ ಕಾಡಿನ ಜಿಗಣೆ, ಕಚ್ಚಿದ ರಕ್ತದ ಕಲೆ. "ಸರ್, ಬಸ್ಸಲ್ಲಿ ಇಂಬಳ ಇರಲ್ಲ. ನೀವು ಬಸ್ ತಪ್ಪಿಸ್ಕೊಂಡು ಕಾಡುದಾರೀಲಿ ನಡ್ಕೊಂಡು ಬಂದಿದೀರಿ. ಇನ್‌ಫರೆನ್ಸ್" ಅಂದಳು. ನಾನು ಸೋಲುವವನಾ? ಜೇಬಿನಿಂದ ಬಸ್ ಟಿಕೆಟ್ ತೆಗೆದು, "ತಗೋ, ನನ್ನ ಅಲಿಬೈ" ಅಂತ ಕೈಗಿಟ್ಟೆ.

ಅವಳು ಅದನ್ನು ಬೆಳಕಿಗೆ ಹಿಡಿದು ನೋಡಿದಳು. "ಸರ್, ಇದ್ರಲ್ಲಿ ನಿನ್ನೆ ತಾರೀಕು ಇದೆ."