ಚಳಿಗಾಲಕ್ಕೆ ಪಾಟ್ ರೋಸ್ಟ್: ಗಟ್ಟಿ ಮಾಂಸ ಮೆತ್ತಗಾಗುವ ಬಗೆ

ಕೇಳುಗರೆಲ್ಲರಿಗೂ ನಮಸ್ಕಾರ.

ಕೊರೆಯುವ ಚಳಿಯಲ್ಲಿ ಮೂರು ನಾಲ್ಕು ಗಂಟೆ ಒಲೆ ಉರಿಯುತ್ತಿದ್ದರೆ ಮನೆಯಲ್ಲಿ ಯಾರೂ ಬೇಡ ಅನ್ನುವುದಿಲ್ಲ. ಇವತ್ತಿನ ಅಡುಗೆಗೆ ಅಷ್ಟು ಹೊತ್ತು ಬೇಕೇ ಬೇಕು. ದನದ ಮಾಂಸದ ದೊಡ್ಡ ತುಂಡನ್ನು ಇಡಿಯಾಗಿಯೇ ಪಾತ್ರೆಗೆ ಹಾಕಿ, ಸ್ವಲ್ಪವೇ ನೀರಿನಲ್ಲಿ, ಮುಚ್ಚಳ ಮುಚ್ಚಿ ಸಣ್ಣ ಉರಿಯಲ್ಲಿ ಬೇಯಿಸುವ ಪಾಟ್ ರೋಸ್ಟ್ ಇದು.

ಮೊದಲು ಮಾಂಸದ ಆಯ್ಕೆ. ದುಬಾರಿಯಾದ, ಎಳೆಯ, ಕೊಬ್ಬಿಲ್ಲದ ತುಂಡನ್ನು ತರಬೇಡಿ. ಅದು ಹೆಂಚಿನ ಮೇಲೆ ಹತ್ತು ನಿಮಿಷದಲ್ಲಿ ಆಗುವ ಅಡುಗೆಗೆ ಸರಿ, ಇಲ್ಲಿ ಒಣಗಿ ಪುಡಿಪುಡಿಯಾಗುತ್ತದೆ. ನಮಗೆ ಬೇಕಾದದ್ದು ಭುಜದ ಭಾಗ. ಹಸು ದಿನವಿಡೀ ನಡೆದು, ಮೈಭಾರ ಹೊತ್ತು ದುಡಿಸಿದ ಸ್ನಾಯು ಅದು. ಅದರ ಎಳೆಗಳ ನಡುವೆ ಕೊಲಾಜೆನ್ ಎಂಬ ಬಿಗಿಯಾದ ಪದಾರ್ಥ ಹೆಣೆದುಕೊಂಡಿರುತ್ತದೆ. ಹಲ್ಲಿಗೆ ಸಿಗದೆ ಜಗಿಜಗಿ ಅನ್ನಿಸುವುದು ಇದರಿಂದಲೇ. ನಿಧಾನವಾಗಿ ಬೆಂದಾಗ ನೀರಲ್ಲಿ ಕರಗಿ ಜೆಲಟಿನ್ ಆಗಿ ಬಾಯಿಗೆ ನುಣುಪು ಕೊಡುವುದೂ ಇದೇ. ಆರೇಳು ಜನರಿಗೆ ಒಂದೂವರೆ ಕಿಲೋ ತುಂಡು ಸಾಕು.

ಕಿಲೋಗೆ ಸುಮಾರು 10 ಗ್ರಾಂ ಉಪ್ಪು ಸವರಿ ಹಿಂದಿನ ರಾತ್ರಿಯೇ ಫ್ರಿಜ್‌ನಲ್ಲಿಟ್ಟರೆ ಉಪ್ಪು ಒಳಗಿಳಿಯುತ್ತದೆ. ಬೆಳಿಗ್ಗೆ ತೆಗೆದು, ಮೇಲಿನ ಪಸೆಯನ್ನು ಬಟ್ಟೆಯಿಂದ ಪೂರ್ತಿ ಒರೆಸಿ. ಒದ್ದೆ ಮಾಂಸ ಕಂದುಬಣ್ಣಕ್ಕೆ ಬರುವುದಿಲ್ಲ. ನೀರು ಆವಿಯಾಗುವ ತನಕ ಮೇಲ್ಮೈ ನೂರು ಡಿಗ್ರಿ ದಾಟದು. ನಮಗೆ ಬೇಕಾದ ಬಣ್ಣ, ಪರಿಮಳ ಚುರುಕಾಗಿ ಬರುವುದು ಅದಕ್ಕೂ ಮೇಲೆ, ಸುಮಾರು 140 ಡಿಗ್ರಿ ಸೆಲ್ಸಿಯಸ್ ಹೊತ್ತಿಗೆ. 1912ರಲ್ಲಿ ಫ್ರಾನ್ಸಿನ ಲೂಯಿ ಕಮೀಯ್ ಮೈಯಾರ್ ಈ ರಾಸಾಯನಿಕ ಕ್ರಿಯೆಯನ್ನು ವಿವರಿಸಿದ. ಹುರಿದರೆ ಮಾಂಸದ ರಸ ಒಳಗೇ ಬಂಧಿಯಾಗುತ್ತದೆ ಎಂದು ಇವತ್ತಿಗೂ ಹೇಳುವವರಿದ್ದಾರೆ. ಹತ್ತೊಂಬತ್ತನೆಯ ಶತಮಾನದಲ್ಲಿ ಜರ್ಮನಿಯ ರಸಾಯನಶಾಸ್ತ್ರಜ್ಞ ಯುಸ್ಟುಸ್ ಫಾನ್ ಲೀಬಿಗ್‌ನಿಂದ ಹಬ್ಬಿದ ನಂಬಿಕೆ ಅದು. ನಿಜವಲ್ಲ. ಹುರಿದ ಮೇಲೂ ಬಾಣಲೆ ಚರ್ ಅನ್ನುತ್ತಲೇ ಇರುತ್ತದಲ್ಲ, ಆ ಸದ್ದು ಹೊರಬರುತ್ತಿರುವ ರಸದ್ದೇ. ನಾವು ಹುರಿಯುವುದು ರುಚಿಗಾಗಿ.

ದಪ್ಪ ತಳದ, ಮುಚ್ಚಳ ಗಟ್ಟಿಯಾಗಿ ಕೂರುವ ಪಾತ್ರೆ ತೆಗೆದುಕೊಳ್ಳಿ. ಎರಕದ ಕಬ್ಬಿಣದ್ದಾದರೆ ಉತ್ತಮ. ಎಣ್ಣೆ ಚೆನ್ನಾಗಿ ಕಾದ ಮೇಲೆ ತುಂಡನ್ನು ಇಟ್ಟು ಸುಮ್ಮನೆ ಬಿಡಿ, ಕೆದಕಬೇಡಿ. ಒಂದೊಂದು ಮಗ್ಗುಲಿಗೆ ನಾಲ್ಕೈದು ನಿಮಿಷ. ಮಾಂಸ ತೆಗೆದಿಟ್ಟು, ಅದೇ ಕೊಬ್ಬಿನಲ್ಲಿ ಎರಡು ದೊಡ್ಡ ಈರುಳ್ಳಿ, ನಾಲ್ಕೈದು ಎಸಳು ಬೆಳ್ಳುಳ್ಳಿ ಬಾಡಿಸಿ, ಒಂದು ಚಮಚ ಟೊಮ್ಯಾಟೊ ಪೇಸ್ಟ್ ಹಾಕಿ ಅದು ಕಡುಗೆಂಪಾಗುವ ತನಕ ಹುರಿಯಿರಿ. ಆಮೇಲೆ ಒಂದಿಷ್ಟು ಮಾಂಸದ ಸಾರು, ಇಲ್ಲದಿದ್ದರೆ ನೀರು ಹುಯ್ದು, ತಳಕ್ಕೆ ಹಿಡಿದದ್ದನ್ನೆಲ್ಲ ಮರದ ಸೌಟಿನಿಂದ ಕೆರೆದು ಬಿಡಿಸಿ. ಅದನ್ನು ತೊಳೆದು ಚೆಲ್ಲುವವರೂ ಉಂಟು, ಅಯ್ಯೋ ಅನ್ನಿಸುತ್ತದೆ! ಇಡೀ ಅಡುಗೆಯ ರುಚಿ ಕೂತಿರುವುದೇ ಅಲ್ಲಿ. ಕೆಂಪು ವೈನ್ ಬಳಸುವವರು ಈಗಲೇ ಹಾಕಿ ಅರ್ಧಕ್ಕೆ ಬತ್ತಿಸಬಹುದು.

ಮಾಂಸವನ್ನು ಮರಳಿ ಇಟ್ಟು, ಬೇ ಎಲೆ, ಥೈಮ್ ಎಂಬ ಪರಿಮಳದ ಸೊಪ್ಪು, ಕಾಳುಮೆಣಸು ಸೇರಿಸಿ. ನೀರು ತುಂಡಿನ ಅರ್ಧದ ತನಕ ಬಂದರೆ ಸಾಕು, ಮುಳುಗಬಾರದು. ಉಳಿದರ್ಧ ಹಬೆಯಲ್ಲೇ ಬೇಯುತ್ತದೆ, ರಸವೂ ನೀರಾಗುವುದಿಲ್ಲ. ಓವನ್ ಇದ್ದರೆ 150 ಡಿಗ್ರಿ. ಒಲೆಯ ಮೇಲಾದರೆ ಅತಿ ಸಣ್ಣ ಉರಿ, ಅಲ್ಲೊಂದು ಇಲ್ಲೊಂದು ಗುಳ್ಳೆ ಏಳುವಷ್ಟು ಮಾತ್ರ. ಕೊತಕೊತ ಕುದಿಸಿದರೆ ಹೊರಮೈ ಎಳೆಎಳೆಯಾಗಿ ಬಿಚ್ಚಿಕೊಳ್ಳುತ್ತದೆ, ಒಳಗಿನ್ನೂ ಬಿಗಿಯಾಗಿಯೇ ಇರುತ್ತದೆ.

ಇನ್ನು ನಾನು ಒತ್ತಿ ಹೇಳಬೇಕೆಂದಿರುವ ಮಾತು. ಒಂದೂವರೆ ಗಂಟೆ ಆದ ಮೇಲೆ ಮುಚ್ಚಳ ತೆಗೆದು ಫೋರ್ಕ್ ಚುಚ್ಚಿ ನೋಡುತ್ತೀರಿ. ಮಾಂಸ ರಬ್ಬರಿನಂತೆ ಎದುರು ನಿಲ್ಲುತ್ತದೆ. ಹೆಚ್ಚು ಬೇಯಿಸಿಬಿಟ್ಟೆವು, ಅದಕ್ಕೇ ಗಟ್ಟಿಯಾಯಿತು ಎಂದುಕೊಂಡು ಇಳಿಸಿಬಿಡುವವರೇ ಹೆಚ್ಚು. ನಿಜವಾಗಿ ಆಗಿರುವುದು ತಿರುಗುಮುರುಗು. ಅರವತ್ತು ಅರವತ್ತೈದು ಡಿಗ್ರಿಯಲ್ಲಿ ಮಾಂಸದ ಎಳೆಗಳು ಕುಗ್ಗಿ ರಸವನ್ನು ಹಿಂಡಿಬಿಡುತ್ತವೆ. ಕೊಲಾಜೆನ್ ಮಾತ್ರ ಎಪ್ಪತ್ತರ ಆಚೆಗೆ ನಿಧಾನವಾಗಿ ಕರಗತೊಡಗುತ್ತದೆ, ಎಂಬತ್ತು ದಾಟಿದ ಮೇಲೆ ಚುರುಕಾಗುತ್ತದೆ. ಹಾಗಾಗಿ ಮಾಂಸ ಬೆಂದಿದ್ದರೂ ಮೆತ್ತಗಾಗಿರದ ಒಂದು ಹೊತ್ತು ನಡುವೆ ಬಂದೇ ಬರುತ್ತದೆ. ಆಗ ಇಳಿಸಿದರೆ ಕೆಟ್ಟಿತು. ಮುಚ್ಚಳ ಮುಚ್ಚಿ ಆಚೆ ಹೋಗಿ. ಮೂರು ಮೂರೂವರೆ ಗಂಟೆಗೆ, ಒಳಗಿನ ಶಾಖ ತೊಂಬತ್ತಮೂರು ತೊಂಬತ್ತೈದರ ಹತ್ತಿರ ಬಂದಾಗ, ಫೋರ್ಕ್ ತಾನಾಗಿ ಇಳಿಯುತ್ತದೆ. ಗಡಿಯಾರಕ್ಕಿಂತ ಆ ಫೋರ್ಕನ್ನೇ ನಂಬಿ.

ಕ್ಯಾರೆಟ್, ಆಲೂಗಡ್ಡೆಯನ್ನು ಕೊನೆಯ ಒಂದು ಗಂಟೆಯಲ್ಲಿ ಹಾಕಿ, ದಪ್ಪ ಹೋಳುಗಳಾಗಿ. ಮೊದಲೇ ಹಾಕಿದರೆ ಗಂಜಿಯಾಗುತ್ತವೆ. ಹೊತ್ತಿಲ್ಲದವರು ಪ್ರೆಶರ್ ಕುಕ್ಕರ್ ಬಳಸಬಹುದು. ಅದರೊಳಗೆ ಶಾಖ 120 ಡಿಗ್ರಿಯವರೆಗೂ ಏರುವುದರಿಂದ ಒಂದು ಗಂಟೆಯ ಆಸುಪಾಸಿನಲ್ಲಿ ಮೆತ್ತಗಾಗುತ್ತದೆ. ಆದರೆ ಆವಿ ಹೊರಹೋಗದೆ ರಸ ತೆಳ್ಳಗೇ ಉಳಿಯುತ್ತದೆ, ಕೊನೆಗೆ ಮುಚ್ಚಳ ತೆಗೆದು ಬತ್ತಿಸಬೇಕು.

ಇಳಿಸಿದ ಕೂಡಲೇ ಕತ್ತರಿಸಬೇಡಿ, ಇಪ್ಪತ್ತು ನಿಮಿಷ ಹಾಗೇ ಇರಲಿ. ಹೋಳು ಮಾಡುವಾಗ ಎಳೆ ಓಡುವ ದಿಕ್ಕು ನೋಡಿ ಅದಕ್ಕೆ ಅಡ್ಡವಾಗಿ ಕೊಯ್ಯಿರಿ. ರಸದ ಮೇಲೆ ತೇಲುವ ಕೊಬ್ಬನ್ನು ಸೌಟಿನಲ್ಲಿ ತೆಗೆದು, ಒಂದೆರಡು ಹನಿ ವಿನೆಗರ್ ಬಿಟ್ಟರೆ ಜಿಡ್ಡು ಮುರಿಯುತ್ತದೆ.

ನನ್ನನ್ನು ಕೇಳಿದರೆ ಇದನ್ನು ಒಂದು ದಿನ ಮೊದಲೇ ಮಾಡಿಡುವುದು ಮೇಲು. ಬೇಯಿಸಿದ ಎರಡು ಗಂಟೆಯೊಳಗೆ ರಸದ ಸಮೇತ ಫ್ರಿಜ್ ಸೇರಲಿ, ಮೂರು ನಾಲ್ಕು ದಿನ ಕೆಡುವುದಿಲ್ಲ. ಮರುದಿನ ಕೊಬ್ಬು ಹೆಪ್ಪುಗಟ್ಟಿ ಮೇಲೆ ಬಿಲ್ಲೆಯಂತೆ ಕೂತಿರುತ್ತದೆ, ಸಲೀಸಾಗಿ ಎತ್ತಿಬಿಡಬಹುದು. ತಣ್ಣಗಿರುವಾಗಲೇ ಹೋಳು ಮಾಡಿ, ಅದೇ ರಸದಲ್ಲಿ ಸಣ್ಣ ಉರಿಯಲ್ಲಿ ಹಬೆಯಾಡುವ ತನಕ ಕಾಯಿಸಿ ಬಡಿಸಿ.